ಎರಡು ದೇಶದ ಪ್ಲೈವುಡ್ಡು, ಒಬ್ಬ ಆಚಾರಿಯ ಕೋಲು

ಅಂಕಿಸಂಖ್ಯೆ ಎಂಬ ಸಾಮಾನು ನಮ್ಮ ಕಡೆಗೆ ಬಂದಾಗಲೆಲ್ಲ ಒಂದಲ್ಲ ಒಂದು ಎಡವಟ್ಟು ಆಗಿಯೇ ತೀರುತ್ತದೆ. ಬರುವಾಗ ಅದು ಸರಿಯಾಗಿಯೇ ಬಂದಿರುತ್ತದೆ, ನಮ್ಮ ಕೈಗೆ ಸಿಕ್ಕಿದ ಮೇಲೆ ಅದರ ಗತಿ ಕೆಡುವುದು. ಯಾರನ್ನೋ ದೂರಲಿಕ್ಕೆ ಇದನ್ನು ಹೇಳುತ್ತಿಲ್ಲ. ಕೆಡಿಸಿದವರ ಪಟ್ಟಿಯಲ್ಲಿ ಮೊದಲನೇ ಹೆಸರು ನನ್ನದೇ.

ನಮ್ಮ ತಾಲೂಕು ಇನ್ನೂ ಮದ್ರಾಸಿನ ಕೆಳಗೆ ಇದ್ದ ಕಾಲ. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷ ಆಗಿತ್ತು. ಕುಂಬಳೆ ಸ್ಟೇಷನ್ನಿನ ಹತ್ತಿರ ಒಂದು ಮರದ ಡಿಪೋ ಇತ್ತು, ಅದರಲ್ಲಿ ನಾನು ಗುಮಾಸ್ತ. ಗುಮಾಸ್ತ ಅಂದರೆ ಹೆಸರಿಗೆ. ಬಂದ ದಿಮ್ಮಿ ಎಣಿಸುವುದು, ಹೋದ ದಿಮ್ಮಿ ಎಣಿಸುವುದು, ಎರಡರ ನಡುವೆ ಬೀಡಿ ಸೇದುವವರನ್ನು ಮರದ ಪುಡಿಯ ರಾಶಿಯ ಹತ್ತಿರದಿಂದ ಓಡಿಸುವುದು, ಇಷ್ಟೇ ಕೆಲಸ. ಡಿಪೋ ಇಬ್ಬರು ಅಣ್ಣತಮ್ಮಂದಿರದ್ದು. ತಮ್ಮ ಕುಂಬಳೆಯಲ್ಲಿ ಇದ್ದು ವ್ಯಾಪಾರ ನೋಡುತ್ತಿದ್ದರು, ಅವರನ್ನು ನಾವು ಸಣ್ಣ ಧಣಿ ಅನ್ನುತ್ತಿದ್ದೆವು. ಅಣ್ಣ ವರ್ಕಾಡಿಯಲ್ಲಿ ಗದ್ದೆ ಬೇಸಾಯ ನೋಡಿಕೊಂಡು ಇದ್ದರು, ಅವರು ದೊಡ್ಡ ಧಣಿ. ಆಸ್ತಿ ಜಂಟಿ. ದೊಡ್ಡ ಧಣಿಯ ರುಜು ಇಲ್ಲದೆ ಡಿಪೋದ ಒಂದು ಗೂಟ ಕೂಡ ಅಲ್ಲಾಡುವ ಹಾಗಿರಲಿಲ್ಲ.

ಸಣ್ಣ ಧಣಿಗೆ ಒಂದು ಹುಚ್ಚು ಹತ್ತಿತು. ಸೀತಾಂಗೋಳಿಯಲ್ಲಿ ಅವರ ಜಂಟಿ ಜಾಗ ಉಂಟು, ಅಲ್ಲಿ ಪ್ಲೈವುಡ್ಡಿನ ಮಿಲ್ಲು ಹಾಕುವುದು. ಹಾಕಿದರೆ ನಾನು ಮ್ಯಾನೇಜರ. ಹಾಗಂತ ಅವರ ಬಾಯಿಂದಲೇ ಬಂದಿತ್ತು.

ಈ ಮ್ಯಾನೇಜರ ಎಂಬ ಮಾತಿನ ಮೇಲೆ ನನ್ನ ಬದುಕೇ ನಿಂತಿತ್ತು. ಯಾಕೆಂದರೆ ಬದಿಯಡ್ಕದ ಕಡೆಯ ಒಬ್ಬರು ಹೆಡ್‌ಮಾಸ್ಟ್ರ ಮಗಳನ್ನು ನಾನು ನೋಡಿ ಬಂದಿದ್ದೆ. ಹುಡುಗಿ ಚಾ ತಂದಿಟ್ಟು ಒಳಗೆ ಹೋಗುವ ಮೊದಲು, ಪ್ಲೈವುಡ್ಡು ಅಂದರೆ ಎಂತ ಅಂತ ಒಂದು ಮಾತು ಕೇಳಿದಳು. ನಾನು ಅರ್ಧ ಗಂಟೆ ವಿವರಿಸಿದೆ. ಮುಗಿಸಿ ತಲೆ ಎತ್ತಿ ನೋಡಿದರೆ ಎದುರಿಗೆ ಇದ್ದದ್ದು ಅವಳ ಅಜ್ಜಿ. ಹುಡುಗಿ ಯಾವಾಗಲೋ ಒಳಗೆ ಹೋಗಿದ್ದಳು, ಬಾಗಿಲಿನ ಹಿಂದಿನಿಂದ ನಗು ಕೇಳಿತು. ಆ ನಗು ನನ್ನ ತಲೆಯಿಂದ ಇಳಿಯಲೇ ಇಲ್ಲ. ಆದರೆ ಹೆಡ್‌ಮಾಸ್ಟ್ರು ಮನುಷ್ಯ ಖಡಕ್ಕು. "ಮರ ಎಣಿಸುವವನಿಗೆ ಕೊಡಲಿಕ್ಕಿಲ್ಲ. ಮ್ಯಾನೇಜರ ಆದ ದಿವಸ ಬನ್ನಿ, ಜಾತಕ ನೋಡುವ" ಅಂದರು.

ಅಂದರೆ ದೊಡ್ಡ ಧಣಿ ರುಜು ಹಾಕಿದರೆ ಮಿಲ್ಲು, ಮಿಲ್ಲಾದರೆ ಮ್ಯಾನೇಜರ, ಮ್ಯಾನೇಜರನಾದರೆ ಮದುವೆ. ಮುಂದಿನದ್ದೆಲ್ಲ ಆ ರುಜುವಿಗಾಗಿ ನಾವು ಪಟ್ಟ ಪಾಡು.

ಮೂರು ದಿನದ ಪರೀಕ್ಷೆ

ನಮ್ಮ ಊರಿನವರಿಗೆ ಪ್ಲೈವುಡ್ಡಿನ ಪರಿಚಯ ಇದ್ದದ್ದು ಚಾದ ಪೆಟ್ಟಿಗೆಯ ಮೂಲಕ. ಚಾಸೊಪ್ಪು ತುಂಬಿಕೊಂಡು ಬರುವ ಪೆಟ್ಟಿಗೆ, ಖಾಲಿಯಾದ ಮೇಲೆ ಕೋಳಿಗೂಡು ಆಗುತ್ತಿತ್ತು, ಅಕ್ಕಿ ಹಾಕಿಡುವ ಪೆಟ್ಟಿಗೆ ಆಗುತ್ತಿತ್ತು, ಒಂದು ಶಾಲೆಯಲ್ಲಿ ಮಾಸ್ಟ್ರ ಕುರ್ಚಿಯೂ ಆಗಿತ್ತು. ಅದರ ಹಲಗೆಯನ್ನೇ ಪ್ಲೈವುಡ್ಡು ಅನ್ನುವುದು, ತೆಳು ತೆಳು ಮರದ ಹಾಳೆಗಳನ್ನು ಅಂಟು ಹಾಕಿ ಒತ್ತಿ ಮಾಡುವುದು ಅಂತ ಸಣ್ಣ ಧಣಿ ವರ್ಕಾಡಿಗೆ ಹೋಗಿ ಅಣ್ಣನಿಗೆ ಹೇಳಿದರು. ಕೈಯಲ್ಲಿ ಒಂದು ತುಂಡನ್ನೂ ತೆಗೆದುಕೊಂಡು ಹೋಗಿದ್ದರು. ಜೊತೆಗೆ ನಾನು.

ದೊಡ್ಡ ಧಣಿ ತುಂಡನ್ನು ಮೂಸಿ ನೋಡಿದರು, ಬೆರಳಿನಿಂದ ತಟ್ಟಿ ನೋಡಿದರು. ಅಂಟು ಹಾಕಿದ್ದು ಮರ ಹೇಗಾಗುತ್ತದೆ ಅಂತ ಕೇಳಿದರು. ಉತ್ತರ ಬರುವ ಮೊದಲೇ ಅದನ್ನು ದನಕ್ಕೆ ನೀರು ಕೊಡುವ ಮರಿಗೆಯಲ್ಲಿ ಮುಳುಗಿಸಿ, ಮೇಲೆ ಒಂದು ಕಲ್ಲು ಹೇರಿ, ಮೂರು ದಿನ ಬಿಟ್ಟು ಬನ್ನಿ ಅಂದರು.

ಮೂರು ದಿನ ಬಿಟ್ಟು ಹೋದೆವು. ಕಲ್ಲು ತೆಗೆದರು. ತುಂಡು ಮೂರು ಹಾಳೆಯಾಗಿ ಬಿಚ್ಚಿಕೊಂಡು ನೀರಿನ ಮೇಲೆ ತೇಲುತ್ತಿತ್ತು. ಒಂದನ್ನು ದನ ಆಗಲೇ ಮೆಲ್ಲಲಿಕ್ಕೆ ಶುರು ಮಾಡಿತ್ತು. ಸಣ್ಣ ಧಣಿ ಇದು ಹಳೇ ಪೆಟ್ಟಿಗೆಯ ತುಂಡು, ಹೊಸ ಅಂಟು ಹೀಗಲ್ಲ ಅಂತ ಏನೇನೋ ಹೇಳಿದರು. ದೊಡ್ಡ ಧಣಿ ಕೈ ಒರೆಸಿಕೊಂಡು ಸಾವಕಾಶ ಹೇಳಿದರು:

"ನೋಡು ತಮ್ಮ, ಮೂರು ದಿನ ನೀರಿನಲ್ಲಿ ಇಟ್ಟರೆ ಪಾಲಾಗಿ ಹೋಗುವ ವಸ್ತುವನ್ನು ಕೂಡುಕುಟುಂಬದವರು ಮಾಡಬಾರದು."

ಬೆಕ್ಕಿನ ತೂಕ

ಸಣ್ಣ ಧಣಿ ಸೋಲುವ ಆಸಾಮಿ ಅಲ್ಲ. ಮಾತಿನಲ್ಲಿ ಆಗದ್ದನ್ನು ಲೆಕ್ಕದಲ್ಲಿ ಮಾಡುವ ಅಂತ ಹೊರಟರು. ಚಾ ಬೆಳೆಯುವುದು ನಾವು ಮತ್ತು ಸಿಲೋನಿನವರು. ಇಬ್ಬರೂ ಪೆಟ್ಟಿಗೆಗೆ ಬೇಕಾದ ಪ್ಲೈವುಡ್ಡನ್ನು ಹಡಗಿನಲ್ಲಿ ಹೊರದೇಶದಿಂದ ತರಿಸುತ್ತಾರೆ. ಎರಡು ದೇಶದವರು ವರ್ಷ ವರ್ಷ ಎಷ್ಟು ತರಿಸಿದರು, ಯಾರದ್ದು ಹೆಚ್ಚು, ಏರುತ್ತಾ ಬಂದಿದೆಯಾ ಇಳಿಯುತ್ತಾ ಬಂದಿದೆಯಾ ಅಂತ ಅಣ್ಣನ ಕಣ್ಣಿಗೆ ಕಾಣುವ ಹಾಗೆ ಇಟ್ಟರೆ, ಇಷ್ಟು ಬೇಡಿಕೆ ಉಂಟು ಅಂತ ಗೊತ್ತಾಗಿ ರುಜು ತಾನಾಗಿ ಬೀಳುತ್ತದೆ. ನಮ್ಮ ದೇಶದ ಹಳೇ ವ್ಯಾಪಾರ ವರದಿಗಳು ಮಂಗಳೂರಿನ ರದ್ದಿ ಅಂಗಡಿಯಲ್ಲಿ ಒಂದು ಕಟ್ಟು ಸಿಕ್ಕಿದವು. ಸಿಲೋನಿನದ್ದನ್ನು ಕೊಲಂಬೊದಲ್ಲಿ ಹೋಟೆಲಿನಲ್ಲಿದ್ದ ಧಣಿಯ ಸೋದರಳಿಯ ಕಳಿಸಿಕೊಟ್ಟ. ಎರಡನ್ನೂ ನನ್ನ ಮೇಜಿನ ಮೇಲೆ ಹಾಕಿ, "ಹೋಲಿಸು" ಅಂದರು.

ಹೋಲಿಸುವುದು ಹೇಗೆ ಮಾರಾಯರೇ. ನಮ್ಮವರು ಬರೆದದ್ದು ತೂಕದಲ್ಲಿ. ಸಿಲೋನಿನವರು ಬರೆದದ್ದು ಪೆಟ್ಟಿಗೆಯಲ್ಲಿ, ಇಷ್ಟು ಪೆಟ್ಟಿಗೆಗೆ ಆಗುವಷ್ಟು ಹಲಗೆ ಅಂತ. ಒಂದು ಪೆಟ್ಟಿಗೆಯ ತೂಕ ಗೊತ್ತಾಗದೆ ಎರಡು ದೇಶ ಒಂದು ಪುಟದಲ್ಲಿ ಕೂರುವುದಿಲ್ಲ. ಡಿಪೋದ ತಕ್ಕಡಿ ದಿಮ್ಮಿ ತೂಗುವಂಥದ್ದು, ಅದರಲ್ಲಿ ಚಾದ ಪೆಟ್ಟಿಗೆ ಇಟ್ಟರೆ ಮುಳ್ಳು ಅಲುಗುವುದೂ ಇಲ್ಲ. ಕೊನೆಗೆ ಬದಿಯಡ್ಕಕ್ಕೆ ಹೋದೆ. ಅಲ್ಲಿ ಅಡಿಕೆ ತೂಗುವ ತಕ್ಕಡಿ ಉಂಟು, ಅದರ ಎದುರಿಗೇ ಒಂದು ಚಾ ಹೋಟೆಲು, ಹೋಟೆಲಿನ ಹಿಂದೆ ಒಂದು ಒಳ್ಳೇ ಪೆಟ್ಟಿಗೆ. ಹೆಡ್‌ಮಾಸ್ಟ್ರ ಮನೆಯ ದಾರಿಯೂ ಅದೇ ಅನ್ನುವುದು ಬೇರೆ ವಿಷಯ.

ಪೆಟ್ಟಿಗೆಯಲ್ಲಿ ಒಂದು ಬೆಕ್ಕು ಮಲಗಿತ್ತು. ಎಬ್ಬಿಸಲಿಕ್ಕೆ ಹೋದರೆ ಕೈ ಪರಚಿತು. ಹೋಟೆಲಿನವರು ಬಹಳ ಬುದ್ಧಿವಂತ ಮನುಷ್ಯ. ಬೆಕ್ಕಿನ ಸಮೇತ ತೂಗಿ, ಆಮೇಲೆ ಬೆಕ್ಕನ್ನು ಮೀನು ತೋರಿಸಿ ಹೊರಗೆ ಕರೆದು ಬೇರೆ ತೂಗಿ, ಕಳೆದರೆ ಆಯಿತಲ್ಲ ಅಂದರು. ಹಾಗೆಯೇ ಮಾಡಿದೆವು. ಕಳೆದು ಬಂದದ್ದನ್ನು ಬರೆದುಕೊಂಡು ಕುಂಬಳೆಗೆ ಬಂದೆ. ಒಂದು ವಾರ ಕೂತು ಸಿಲೋನಿನ ಇಪ್ಪತ್ತು ವರ್ಷದ ಪೆಟ್ಟಿಗೆಗಳನ್ನೆಲ್ಲ ಆ ತೂಕದಿಂದ ಗುಣಿಸಿದೆ. ಸಿಲೋನು ನಮ್ಮನ್ನು ಎಲ್ಲಾ ವರ್ಷವೂ ಹಿಂದೆ ಹಾಕಿತು. ಅಷ್ಟು ಸಣ್ಣ ದೇಶ ಇಷ್ಟು ದೊಡ್ಡದಾದದ್ದು ಹೇಗೆ ಅಂತ ಸಣ್ಣ ಧಣಿಗೂ ಆಶ್ಚರ್ಯ, ನನಗೂ ಆಶ್ಚರ್ಯ.

ಮುಂದಿನ ಸಲ ಹೋಟೆಲಿಗೆ ಹೋದಾಗ ಪೆಟ್ಟಿಗೆಯ ಹತ್ತಿರ ಎರಡು ಮರಿಗಳು ಆಡುತ್ತಿದ್ದವು. ಇವು ಯಾವಾಗ ಹುಟ್ಟಿದ್ದು ಅಂತ ಕೇಳಿದೆ. ಆವತ್ತು ತೂಗುವಾಗ ಅಡಿಯ ಗೋಣಿಯ ಒಳಗೆ ಇದ್ದವಲ್ಲ, ನೀವು ನೋಡಿಲ್ಲವಾ ಅಂದರು.

ನಾನು ಚಾ ಕುಡಿಯುವುದನ್ನು ಬಿಟ್ಟು ಅಲ್ಲಿಯೇ ಕೂತು ಲೆಕ್ಕ ಹಾಕಿದೆ. ಪೆಟ್ಟಿಗೆಗೆ ಎರಡರಂತೆ ನಾನು ಸಿಲೋನು ದೇಶಕ್ಕೆ ಇಪ್ಪತ್ತು ವರ್ಷದಲ್ಲಿ ಕಳಿಸಿದ ಬೆಕ್ಕಿನ ಮರಿಗಳು ಅಲ್ಲಿಯ ಮನುಷ್ಯರಿಗಿಂತ ಹೆಚ್ಚಿದ್ದವು.

ಖಾಲಿ ಮೊಳೆ

ಮರಿಗಳನ್ನು ಇಳಿಸಿದ ಮೇಲೆ ಸಿಲೋನು ಅದರ ಜಾಗಕ್ಕೆ ಬಂತು. ನಮ್ಮ ದೇಶ ಮೇಲೆ ಹೋಯಿತು. ಸಣ್ಣ ಧಣಿಗೆ ಖುಷಿಯೋ ಖುಷಿ. ಬೆರಳಿಟ್ಟು ವರ್ಷ ವರ್ಷ ಓದುತ್ತಾ ಬಂದವರು ಒಂದು ಕಡೆ ನಿಂತರು. ನಲವತ್ತೇಳರ ನಂತರ ನಮ್ಮ ಅಂಕಿ ಕೆಳಗೆ ಇಳಿದಿದೆಯಲ್ಲ, ಯಾಕೆ ಅಂದರು.

ದೇಶ ಎರಡಾಯಿತಲ್ಲ ಧಣಿ, ಸಿಲ್ಹೆಟ್ಟಿನ ಕಡೆಯ ಚಾತೋಟಗಳೂ ಅಲ್ಲಿಯ ಬಂದರವೂ ಆಚೆಗೆ ಹೋದವು, ಅವರು ತರಿಸುವುದು ಈಗ ಅವರ ಪುಸ್ತಕದಲ್ಲಿ ಉಂಟು ಅಂತ ನಾನು ಹೇಳಿದೆ. ಸಣ್ಣ ಧಣಿ ಕಾಗದವನ್ನು ನನ್ನ ಕಡೆಗೆ ತಳ್ಳಿದರು.

"ಅಣ್ಣ ವರ್ಕಾಡಿಯಲ್ಲಿ ಉಣ್ಣುತ್ತಾರೆ, ನಾನು ಕುಂಬಳೆಯಲ್ಲಿ ಉಣ್ಣುತ್ತೇನೆ. ಮನೆ ಎರಡಾಯಿತಾ? ನನ್ನ ಪಟ್ಟಿಯಲ್ಲಿ ಅವರದ್ದನ್ನೂ ಕೂಡಿಸು."

ಅವರ ಅಂಕಿ ನಮ್ಮ ಹತ್ತಿರ ಇಲ್ಲ ಅಂದೆ. ಬರೆದು ತರಿಸು ಅಂದರು. ಬರೆದೆ. ಯಾರಿಗೆ ಬರೆಯುವುದು ಅಂತ ಗೊತ್ತಿಲ್ಲದೆ ಬಂದರದ ದೊಡ್ಡ ಅಧಿಕಾರಿಗಳಿಗೆ ಅಂತ ಇಂಗ್ಲಿಷಿನಲ್ಲಿ ಬರೆದು ಹಾಕಿದೆ. ಉತ್ತರ ಬರುವವರೆಗೆ ನಮ್ಮ ಅಂಕಿಯ ಪಕ್ಕದಲ್ಲಿ ಜಾಗ ಖಾಲಿ ಇಡಬೇಕು ಅಂತ ಧಣಿಯ ಅಪ್ಪಣೆ. ಪೋಸ್ಟಿನವನು ಡಿಪೋದ ಗೇಟಿಗೆ ಬಂದಾಗಲೆಲ್ಲ ಬಂತಾ ಅಂತ ಕೇಳುತ್ತಿದ್ದರು. ಕೊನೆ ಕೊನೆಗೆ ಪೋಸ್ಟಿನವನೇ ಗೇಟಿನ ಹೊರಗೆ ನಿಂತು ಇಲ್ಲ ಅಂತ ಕೂಗಿ ಹೇಳಿ ಹೋಗುತ್ತಿದ್ದ.

ಕೋಲು ಮತ್ತು ಆಯ

ಕಾಗದದ ಮೇಲೆ ಬರೆದದ್ದನ್ನು ದೊಡ್ಡ ಧಣಿ ನೋಡುವವರಲ್ಲ. ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು. ಆದ್ದರಿಂದ ಡಿಪೋದ ಗೋಡೆಗೆ ಉದ್ದಕ್ಕೆ ಒಂದು ಹಲಗೆ ಹೊಡೆದು, ವರ್ಷಕ್ಕೆ ಎರಡರಂತೆ ಪ್ಲೈವುಡ್ಡಿನ ಪಟ್ಟಿ ಮೊಳೆಗೆ ನೇತು ಹಾಕುವುದು ಅಂತ ಆಯಿತು. ನಮ್ಮ ದೇಶಕ್ಕೆ ಕೆಂಪು, ಸಿಲೋನಿಗೆ ನೀಲಿ. ಹೆಚ್ಚು ತರಿಸಿದ ವರ್ಷಕ್ಕೆ ಉದ್ದದ ಪಟ್ಟಿ, ಕಮ್ಮಿ ತರಿಸಿದ ವರ್ಷಕ್ಕೆ ಗಿಡ್ಡ ಪಟ್ಟಿ. ಉತ್ತರ ಬಾರದ ಪತ್ರಕ್ಕೆ ಅಂತ ಕೆಂಪಿನ ಪಕ್ಕ ಖಾಲಿ ಮೊಳೆ. ಒಂದೊಂದರ ಉದ್ದ ಎಷ್ಟು ಅಂತ ನಾನು ಕಾಗದದಲ್ಲಿ ಬರೆದು ನಮ್ಮ ಡಿಪೋದ ಆಚಾರಿಯ ಕೈಗೆ ಕೊಟ್ಟೆ. ವಯಸ್ಸಾದ ಮನುಷ್ಯ, ಮಾತು ಕಮ್ಮಿ, ಕೈಕೆಲಸದಲ್ಲಿ ಎರಡು ಮಾತಿಲ್ಲ. ಕಾಗದ ನೋಡಿ ಆಯಿತು ಅಂತ ಮಾತ್ರ ಹೇಳಿದರು.

ದೊಡ್ಡ ಧಣಿ ಬರುವ ದಿನ ಗೊತ್ತಾಯಿತು. ಜೊತೆಗೆ ಲೆಕ್ಕ ಬಲ್ಲವರು ಬೇಕು ಅಂತ ಅವರು ತಮಗೆ ಪರಿಚಯದ ಒಬ್ಬರು ಹೆಡ್‌ಮಾಸ್ಟ್ರನ್ನೂ ಕರೆದಿದ್ದರು. ಯಾವ ಹೆಡ್‌ಮಾಸ್ಟ್ರು ಅಂತ ಕೇಳಿದೆ. ಬದಿಯಡ್ಕದವರೇ. ನನ್ನ ಮಾವ ಆಗಬೇಕಾದವರು ನನ್ನ ಲೆಕ್ಕ ತಿದ್ದಲಿಕ್ಕೆ ಬರುತ್ತಿದ್ದರು.

ಆವತ್ತು ಬೆಳಿಗ್ಗೆ ಬೇಗ ಹೋಗಿ ನೋಡಿದೆ. ಗೋಡೆ ತುಂಬ ಕೆಂಪು ನೀಲಿ ಪಟ್ಟಿಗಳು, ಬಣ್ಣ ಒಣಗಿ ಫಳಫಳ ಹೊಳೆಯುತ್ತಿದ್ದವು. ಹೊಟ್ಟೆ ತುಂಬಿದ ಹಾಗಾಯಿತು. ಹಾಗೆಯೇ ನೋಡುತ್ತಾ ಹೋದರೆ ಯುದ್ಧದ ವರ್ಷಗಳ ಜಾಗದಲ್ಲಿ ಎರಡೆರಡು ಸಣ್ಣ ತುಂಡು ನೇತಾಡುತ್ತಿವೆ. ಆ ವರ್ಷಗಳ ಪುಟವೇ ಎರಡು ದೇಶದ ವರದಿಯಲ್ಲೂ ಇರಲಿಲ್ಲ, ನಾನು ಕಾಗದದಲ್ಲಿ ಸೊನ್ನೆ ಹಾಕಿದ್ದೆ. ಅಳತೆಪಟ್ಟಿ ತಂದು ಉಳಿದವನ್ನೂ ಅಳೆದೆ. ಅರ್ಧಕ್ಕರ್ಧ ಪಟ್ಟಿಗಳು ನಾನು ಬರೆದದ್ದಕ್ಕಿಂತ ಉದ್ದ.

ಆಚಾರಿಯನ್ನು ಕೇಳಿದೆ. ಅವರು ಉಳಿ ಕೆಳಗಿಟ್ಟು, ಅಳತೆಯ ಕೋಲು ಕೈಗೆ ತೆಗೆದುಕೊಂಡು ಮಗುವಿಗೆ ಹೇಳಿಕೊಡುವ ಹಾಗೆ ಹೇಳಿಕೊಟ್ಟರು. ಮರದ ಯಾವ ಅಳತೆಗೂ ಒಂದು ಆಯ ಉಂಟು, ಅಂದರೆ ಅಳತೆಯ ಶಕುನ. ಒಟ್ಟು ಎಂಟು, ಅಂಗುಲ ಏರಿದ ಹಾಗೆ ಒಂದು ಒಳ್ಳೇದು ಒಂದು ಕೆಟ್ಟದ್ದು ಬರುತ್ತದೆ. ಧ್ವಜ, ಸಿಂಹ, ವೃಷಭ, ಗಜ, ಈ ನಾಲ್ಕು ಒಳ್ಳೇದು. ಹೊಗೆ, ನಾಯಿ, ಕತ್ತೆ, ಕಾಗೆ, ಈ ನಾಲ್ಕು ಕೆಟ್ಟದ್ದು. ಬಾಗಿಲಾಗಲಿ ಮಂಚವಾಗಲಿ ಕೆಟ್ಟ ಆಯದಲ್ಲಿ ಕೊಯ್ಯುವ ಪದ್ಧತಿ ಅವರ ಅಪ್ಪನ ಕಾಲದಿಂದಲೂ ಇಲ್ಲ.

"ನೀವು ಬರೆದದ್ದರಲ್ಲಿ ಅರ್ಧ ನಾಯಿ, ಕತ್ತೆ. ಹೊಸ ಕೆಲಸ ಶುರುವಾಗುವ ಗೋಡೆಗೆ ಅದನ್ನು ನೇತು ಹಾಕಲಿಕ್ಕೆ ಆಗುತ್ತದಾ? ಕೆಟ್ಟದ್ದು ಬಂದಲ್ಲೆಲ್ಲ ಒಂದಂಗುಲ ಏರಿಸಿದ್ದೇನೆ. ಸೊನ್ನೆಗೆ ಆಯವೇ ಇಲ್ಲ, ಅದಕ್ಕೂ ಒಂದಂಗುಲ ಇಟ್ಟೆ. ಸಿಂಹ ಬಂತು."

ನನ್ನ ಲೆಕ್ಕದಲ್ಲಿ ಒಂದಂಗುಲ ಅಂದರೆ ಒಂದು ಹಡಗು ಭರ್ತಿ ಪ್ಲೈವುಡ್ಡು. ಇಡೀ ಪ್ರಪಂಚ ಹೊಡೆದಾಡಿಕೊಂಡು ಹಡಗುಗಳು ಮುಳುಗುತ್ತಿದ್ದ ಕಾಲದಲ್ಲಿ ನಮ್ಮ ಆಚಾರಿ ಎರಡು ದೇಶಕ್ಕೂ ವರ್ಷಕ್ಕೊಂದೊಂದು ಹಡಗು ಸುಖವಾಗಿ ಮುಟ್ಟಿಸಿದ್ದರು.

ರುಜು

ಹೊಸದಾಗಿ ಕೊಯ್ಯಲಿಕ್ಕೆ ಸಮಯ ಇರಲಿಲ್ಲ. ಸಣ್ಣ ಧಣಿಗೆ ಹೇಳಿದೆ. ಅವರು ಗೋಡೆ ನೋಡಿ, ಏರಿದ್ದೇ ಅಲ್ಲವಾ, ಇಳಿದದ್ದಲ್ಲವಲ್ಲ, ಬಾಯಿ ಮುಚ್ಚಿಕೊಂಡು ಇರು ಅಂದರು. ನನ್ನ ಒಳಗಿನಿಂದಲೂ ಒಬ್ಬ ಅದನ್ನೇ ಹೇಳುತ್ತಿದ್ದ. ರುಜು ಬಿದ್ದರೆ ಸಾಕು, ಬಾಗಿಲ ಹಿಂದಿನ ಆ ನಗು ನಮ್ಮ ಮನೆಗೆ ಬರುತ್ತದೆ.

ಬಸ್ಸು ಬಂತು. ದೊಡ್ಡ ಧಣಿ ಕೊಡೆ ಹಿಡಿದುಕೊಂಡು ಇಳಿದರು, ಹಿಂದಿನಿಂದ ಹೆಡ್‌ಮಾಸ್ಟ್ರು ಕಂಕುಳಲ್ಲಿ ಅಡಿಪಟ್ಟಿ ಇಟ್ಟುಕೊಂಡು ಇಳಿದರು. ದೊಡ್ಡ ಧಣಿ ಗೋಡೆಯ ಉದ್ದಕ್ಕೆ ಎರಡು ಸಲ ನಡೆದರು, ಪಟ್ಟಿಗಳನ್ನು ಮುಟ್ಟಿ ನೋಡಿದರು, ಮುಖ ಅರಳಿತು. ಸಣ್ಣ ಧಣಿ ಮೆಲ್ಲ ಪೆನ್ನು ತೆಗೆದರು. ಆಗ ಹೆಡ್‌ಮಾಸ್ಟ್ರು ನನ್ನ ಕಾಗದ ಕೇಳಿ ತೆಗೆದುಕೊಂಡು, ಮೊದಲನೇ ಪಟ್ಟಿಗೆ ಅಡಿಪಟ್ಟಿ ಹಿಡಿದರು. ಎರಡನೆಯದಕ್ಕೆ ಹಿಡಿದರು. ಮೂರನೆಯದಕ್ಕೆ ಹಿಡಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇದು ಯಾರು ಮಾಡಿದ್ದು?"

ಆಚಾರಿ ಎದುರಿಗೇ ನಿಂತಿದ್ದರು. ಅವರ ಕಡೆಗೆ ಬೆರಳು ತೋರಿಸಿದರೆ ನಾನು ಬಚಾವು, ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ತಪ್ಪು ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡಿದ್ದವನು ನಾನು. ಕಾಗದದಲ್ಲಿದ್ದದ್ದು ಸರಿ, ಗೋಡೆಯಲ್ಲಿದ್ದದ್ದು ತಪ್ಪು, ಬೆಳಿಗ್ಗೆಯೇ ನೋಡಿದೆ, ಹೇಳಲಿಲ್ಲ ಅಂತ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಸಣ್ಣ ಧಣಿ ಪೆನ್ನನ್ನು ಜೇಬಿಗೆ ಹಾಕಿದರು. ಮಿಲ್ಲು ಹೋಯಿತು, ಮದುವೆಯೂ ಹೋಯಿತು ಅಂತ ನಾನು ನೆಲ ನೋಡಿಕೊಂಡು ನಿಂತೆ. ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಆಚಾರಿ ಮುಂದೆ ಬಂದು, ಕೊಯ್ದವನು ನಾನು, ಇವರು ಹೇಳಿದ ಅಳತೆ ನಾನು ಕೊಯ್ಯಲಿಕ್ಕಿಲ್ಲ ಅಂತ ಆಯದ ವಿಷಯ ಎಲ್ಲ ಹೇಳಿದರು. ದೊಡ್ಡ ಧಣಿ ಕಿವಿ ನೆಟ್ಟಗೆ ಮಾಡಿದರು. ಪ್ಲೈವುಡ್ಡು ಅಂದಾಗ ಒಮ್ಮೆಯೂ ಕಾಣದ ಶ್ರದ್ಧೆ ಅವರ ಮುಖದಲ್ಲಿ ಈಗ ಕಂಡಿತು. ಹಾಗಾದರೆ ಕಾಗದದ ಲೆಕ್ಕದ ಪ್ರಕಾರ ಯಾವ ದೇಶದ್ದು ಹೆಚ್ಚು ಕೆಟ್ಟದ್ದು ಅಂತ ಕೇಳಿದರು. ಆಚಾರಿ ಬೆರಳು ಮಡಚಿ ನೋಡಿ, ಸಿಲೋನಿನದ್ದು, ಅವರು ಮೂರು ವರ್ಷ ಸಾಲಾಗಿ ಕತ್ತೆಯಲ್ಲಿ ತರಿಸಿದ್ದಾರೆ ಅಂದರು. ದೊಡ್ಡ ಧಣಿ ಹೆಡ್‌ಮಾಸ್ಟ್ರ ಕಡೆ ತಿರುಗಿ, ನಾಲ್ಕನೇ ವರ್ಷ ತರಿಸುವುದು ನಿಲ್ಲಿಸಿದರಾ ಅಂತ ಕೇಳಿದರು. ಹೆಡ್‌ಮಾಸ್ಟ್ರು ಕಾಗದ ನೋಡಿ, ಇಲ್ಲ, ಹೆಚ್ಚು ತರಿಸಿದ್ದಾರೆ ಅಂದರು. ನಮ್ಮ ದೇಶ? ನಾಯಿಯ ವರ್ಷವಾದ ಮೇಲೆ ನಮ್ಮವರೂ ಹೆಚ್ಚೇ.

ದೊಡ್ಡ ಧಣಿ ಕೊಡೆಯನ್ನು ಗೋಡೆಗೆ ಒರಗಿಸಿದರು.

"ಎರಡು ದೇಶದವರು ನಾಯಿ, ಕತ್ತೆ, ಕಾಗೆ ಯಾವುದನ್ನೂ ನೋಡದೆ ತರಿಸಿ ಇಷ್ಟು ಬೆಳೆದಿದ್ದಾರೆ. ನಾವು ಆಯ ನೋಡಿ ಶುರು ಮಾಡಿದರೆ ಎಲ್ಲಿಗೆ ಮುಟ್ಟೀತು! ತಾ ಪೆನ್ನು. ಅಂಟು ಮಾತ್ರ ಮೂರು ದಿನಕ್ಕೆ ಬಿಡದ್ದು ಬೇಕು."

ರುಜು ಬಿತ್ತು. ಹೊರಗೆ ಬಂದಾಗ ಹೆಡ್‌ಮಾಸ್ಟ್ರು ನನ್ನನ್ನು ಕರೆದು, ಲೆಕ್ಕ ಬಲ್ಲವರು ಬೇಕಾದಷ್ಟು ಜನ ಸಿಗುತ್ತಾರೆ, ತಪ್ಪಾಯಿತು ಅನ್ನುವವರು ಸಿಗುವುದಿಲ್ಲ, ಮಿಲ್ಲು ಏಳುವವರೆಗೆ ಕಾಯುವುದು ಬೇಡ, ಜಾತಕ ತಂದುಕೊಡಿ ಅಂದರು. ನನಗೆ ಸಿಕ್ಕಿದ ಒಂದೇ ಒಂದು ಸರ್ಟಿಫಿಕೇಟು ಅದು.

ಮಂಚ

ಮದುವೆಯಾಯಿತು. ಮುಂದಿನ ವರ್ಷ ಸೀತಾಂಗೋಳಿಯಲ್ಲಿ ಮಿಲ್ಲೂ ಎದ್ದಿತು. ಮೊದಲು ಬಂದ ಒಳ್ಳೇ ಹಲಗೆಯಿಂದ ಆಚಾರಿ ನಮಗೊಂದು ಮಂಚ ಮಾಡಿಕೊಟ್ಟರು. ಗಟ್ಟಿ ಮಂಚ, ಚಂದದ ಮಂಚ. ಆದರೆ ಮಲಗಿದರೆ ನನ್ನ ಎರಡೂ ಪಾದ ಹೊರಗೆ. ಒಂದು ತಿಂಗಳು ತಡೆದುಕೊಂಡೆ. ಆಮೇಲೆ ಆಚಾರಿಯನ್ನು ಕರೆದು ಸ್ವಲ್ಪ ಉದ್ದ ಮಾಡಿಕೊಡಿ ಅಂದೆ.

ಅವರು ಕೋಲು ತೆಗೆದು ಅಳೆದರು. ಗೋಡೆಯವರೆಗೆ ಜಾಗ ನೋಡಿದರು. ನಿಮ್ಮ ಕಾಲಿಗೆ ಮೂರಂಗುಲ ಬೇಕು, ಗೋಡೆಯ ಹತ್ತಿರ ಇರುವುದೂ ಮೂರೇ ಅಂಗುಲ, ಅದರ ಮೇಲೆ ಒಂದು ಕೂದಲಿಗೂ ಜಾಗ ಇಲ್ಲ ಅಂದರು. ಬೆರಳು ಮಡಚಿದರು. ಮುಖ ಸಣ್ಣದಾಯಿತು.

"ಈಗ ವೃಷಭದಲ್ಲಿ ಉಂಟು. ಮೂರಂಗುಲ ಸೇರಿಸಿದರೆ ಕತ್ತೆ ಬರುತ್ತದೆ. ಕಾಲು ಹೊರಗೆ ಇರುವುದು ಒಳ್ಳೇದಾ, ಮಂಚದಲ್ಲಿ ಕತ್ತೆ ಬರುವುದು ಒಳ್ಳೇದಾ, ನೀವೇ ಹೇಳಿ."

ನಾನು ಯೋಚನೆಗೆ ಬಿದ್ದೆ. ಎರಡು ದೇಶದ ಲೆಕ್ಕ ಬಿಡಿಸಿದವನಿಗೆ ಮೂರಂಗುಲದ ಲೆಕ್ಕ ಬಿಡಿಸಲಿಕ್ಕೆ ಆಗಲಿಲ್ಲ. ಅಷ್ಟರಲ್ಲಿ ಬಾಗಿಲಿನ ಹಿಂದಿನಿಂದ, ಆವತ್ತು ಬದಿಯಡ್ಕದಲ್ಲಿ ಕೇಳಿದ ಅದೇ ನಗು ಕೇಳಿತು, ಅದರ ಹಿಂದೆಯೇ ನನ್ನ ಹೆಂಡತಿಯ ಮಾತು:

"ಉದ್ದ ಮಾಡಿ ಆಚಾರ್ರೇ, ಚಿಂತೆ ಇಲ್ಲ. ಒಂದು ತಿಂಗಳಿನಿಂದ ನೋಡುತ್ತಾ ಇದ್ದೇನೆ, ಅದು ಆಗಲೇ ಬಂದು ಮಲಗಿ ಆಗಿದೆ."